ಗೆದ್ದ ರಾತ್ರಿಯ ಕೂಗು

2016ರ ಅಕ್ಟೋಬರ್ 19ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಆಟ ಶುರುವಾಗಿ ಹನ್ನೊಂದು ನಿಮಿಷಕ್ಕೇ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡದ ನಾಯಕ ಸಫಿಕ್ ರಹೀಮ್ ಗೋಲು ಹೊಡೆದುಬಿಟ್ಟರು. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ ಅದು. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್. ಮಲೇಷ್ಯಾದಲ್ಲಿ ಆಡಿದ ಮೊದಲ ಪಂದ್ಯ 1-1ರಲ್ಲಿ ಮುಗಿದಿತ್ತು. ಈಗ ಒಟ್ಟು ಲೆಕ್ಕದಲ್ಲಿ ಬೆಂಗಳೂರು ಎಫ್‌ಸಿ ಹಿಂದೆ ಬಿದ್ದಿತು. ಗೋಕಾಕದ ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ನನ್ನ ಕಿವಿ ಆಟಕ್ಕಿಂತ ಹೆಚ್ಚು ಬೆಂಗಳೂರಿನ ಅಭಿಮಾನಿಗಳು ನಿಂತ ಸ್ಟ್ಯಾಂಡಿನ ಕಡೆಗಿತ್ತು. ಗೋಲು ಬಿದ್ದ ಗಳಿಗೆಯಲ್ಲಿ ಒಂದು ಉಸಿರಿನಷ್ಟು ಹೊತ್ತು ಸದ್ದಡಗಿತು. ಆಮೇಲೆ ಡ್ರಮ್ ಮತ್ತೆ ಎದ್ದಿತು. ಮೊದಲಿಗಿಂತ ಜೋರಾಗಿಯೇ ಎದ್ದಿತು.

41ನೇ ನಿಮಿಷಕ್ಕೆ ಕಾರ್ನರ್‌ನಿಂದ ಬಂದ ಚೆಂಡಿಗೆ ಬೆಂಗಳೂರಿನ ಸುನಿಲ್ ಛೇತ್ರಿ ತಲೆಕೊಟ್ಟರು. 67ನೇ ನಿಮಿಷಕ್ಕೆ ದೂರದಿಂದಲೇ ಬಾರಿಸಿದರು. ಬೆಂಗಳೂರು ಮುಂದೆ ಹೋಯಿತು. ಆದರೆ ಲೆಕ್ಕ ಗೊತ್ತಿದ್ದವರಿಗೆ ಆಗಲೂ ಎದೆ ಹಗುರಾಗಲಿಲ್ಲ. ಹೊರಗಿನ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಇದ್ದ ಕಾಲ ಅದು. ಜೊಹೊರ್ ಇನ್ನೊಂದು ಗೋಲು ಹೊಡೆದಿದ್ದರೆ ಒಟ್ಟು 3-3 ಆಗಿ, ಅವರಿಗೆ ಹೊರನೆಲದ ಎರಡು ಗೋಲು, ಬೆಂಗಳೂರಿಗೆ ಒಂದೇ. ಅಲ್ಲಿಗೆ ಕತೆ ಮುಗಿಯುತ್ತಿತ್ತು. ಆ ಎಂಟು ನಿಮಿಷ ಸ್ಟ್ಯಾಂಡಿನಿಂದ ಬಂದ ಸದ್ದು ಸಂಭ್ರಮದ್ದಾಗಿರಲಿಲ್ಲ. ಅದರಲ್ಲಿ ಕಳವಳ ಇತ್ತು, ತಂಡವನ್ನು ಹಿಂದಿನಿಂದ ನೂಕುವ ಹಟ ಇತ್ತು. 75ನೇ ನಿಮಿಷಕ್ಕೆ ಸ್ಪೇನಿನ ಡಿಫೆಂಡರ್ ಹುವಾನನ್ ಹೆಡರ್‌ನಿಂದ ಮೂರನೇ ಗೋಲು ಸೇರಿಸಿದ ಮೇಲೆಯೇ ಆ ಸದ್ದು ಬಿಚ್ಚಿಕೊಂಡು ಹಾಡಾಯಿತು. 3-1. ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು ಬೆಂಗಳೂರು. ಮುಂದೆ ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 1-0ರಿಂದ ಸೋತದ್ದು ಬೇರೆ ಮಾತು.

ಕರ್ನಾಟಕದಲ್ಲಿ ಪ್ರೇಕ್ಷಕರು ಒಂದು ಗೆಲುವನ್ನು ತಾವೂ ಹೊತ್ತು ದಾಟಿಸಿದ ಅತ್ಯುತ್ತಮ ರಾತ್ರಿ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಗೆದ್ದ ಮೇಲೆ ಕುಣಿಯುವುದು ಯಾರಿಗೂ ಬರುತ್ತದೆ. ಗೆಲುವು ಎಷ್ಟು ತೆತ್ತು ಬಂತು, ಯಾರು ತೆತ್ತರು ಎಂಬುದನ್ನು ಗುರುತಿಸಿ ಕೂಗುವುದು ಬೇರೆಯೇ ವಿದ್ಯೆ. ಕಂಠೀರವದ ಅಭಿಮಾನಿಗಳಲ್ಲಿ ಆ ವಿದ್ಯೆ ಇದೆ. ಅದು ಆಟ ನಡೆಯುವಾಗ ಪೂರ್ತಿ ಬೆಳಗುತ್ತದೆ, ಗೆದ್ದ ಕೂಡಲೇ ಮಂಕಾಗುತ್ತದೆ ಎನ್ನುವುದೇ ನನ್ನ ತಕರಾರು.

ಈ ಅಭಿಮಾನಿಗಳ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಹುಟ್ಟಿದ್ದು ಕ್ಲಬ್ಬಿನ ಜೊತೆಗೇ, 2013ರಲ್ಲಿ. ಆಗ ತಂಡದ ತವರು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ. ಅಲ್ಲಿನ ಪಶ್ಚಿಮದ ಸ್ಟ್ಯಾಂಡಿನಲ್ಲಿ ಗುಂಪಾಗಿ ನಿಂತು ಹಾಡಿದವರೇ ಆ ಹೆಸರಿಟ್ಟುಕೊಂಡರು. ತಂಡ ಕಂಠೀರವಕ್ಕೆ ಹೋದಾಗ ಹೆಸರೂ ಜೊತೆಗೆ ಹೋಯಿತು. ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಗೌತಮಪುರ, ಐಟಿಐ ಮತ್ತು ಎಚ್‌ಎಎಲ್ ತಂಡಗಳ ಕಾಲ, ಇವೆಲ್ಲ ಮೊದಲೇ ಇದ್ದವು. ಆದರೆ ತೊಂಬತ್ತು ನಿಮಿಷವೂ ನಿಂತು, ಸ್ಕೋರ್ ಏನೇ ಇರಲಿ ಹಾಡು ನಿಲ್ಲಿಸದಿರುವ ಶಿಸ್ತನ್ನು ಈ ಊರಿಗೆ ರೂಢಿ ಮಾಡಿಸಿದವರು ಇವರು. ಕಂಠೀರವದಲ್ಲಿ ಅದು ಸುಲಭದ ಕೆಲಸವೂ ಅಲ್ಲ. ಅದು ಮೂಲತಃ ಅಥ್ಲೆಟಿಕ್ಸ್‌ಗೆ ಕಟ್ಟಿದ ಕ್ರೀಡಾಂಗಣ. ಸ್ಟ್ಯಾಂಡಿಗೂ ಆಟದ ಹುಲ್ಲಿಗೂ ನಡುವೆ ಓಟದ ಟ್ರ್ಯಾಕ್ ಸುತ್ತಿಕೊಂಡಿದೆ. ಕೂಗು ಅಷ್ಟು ಬಯಲು ದಾಟಿ ಆಟಗಾರನ ಕಿವಿ ಮುಟ್ಟಬೇಕು.

ನಾನು ಅಲ್ಲಿ ನಿಂತದ್ದು 2023ರ ಮಾರ್ಚ್ 12ರ ಸಂಜೆ. ಗೋಕಾಕ ರೋಡ್‌ನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ಟಿಕೆಟ್ ತೆಗೆಸಿದ್ದ. ಸೀಟು ಹುಡುಕುತ್ತಿದ್ದಾಗ ಅವನು ಹೇಳಿದ್ದು ಇಷ್ಟು: "ಮಾಮಾ, ಇಲ್ಲಿ ಯಾರೂ ಕುಂದರೂದಿಲ್ಲರಿ. ಕಾಲು ನೋತಾವ ಅಂದ್ರ ಈಗs ಹೇಳ್ರಿ, ಆ ಕಡೆ ಹೋಗೂಣು." ನಾನು ಅಲ್ಲಿಯೇ ನಿಂತೆ.

ಆ ಪಂದ್ಯದ ಮಾತಿಗೆ ಮೊದಲು ಒಂಬತ್ತು ದಿನ ಹಿಂದಕ್ಕೆ ಹೋಗಬೇಕು. ಮಾರ್ಚ್ 3ರಂದು ಇದೇ ನೆಲದಲ್ಲಿ ಐಎಸ್‌ಎಲ್ ಪ್ಲೇಆಫ್. ಎದುರಿಗೆ ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಸಿಕ್ಕ ಫ್ರೀ ಕಿಕ್ ಅನ್ನು, ಎದುರಿನವರು ಗೋಡೆ ಕಟ್ಟಿಕೊಳ್ಳುವ ಮೊದಲೇ, ಛೇತ್ರಿ ಗೋಲಿಗೆ ಎತ್ತಿಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಅವರು ಮರಳಲಿಲ್ಲ, ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಮುಂದೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ.

ನಿಯಮದ ಪ್ರಕಾರ ಫ್ರೀ ಕಿಕ್ ಅನ್ನು ಬೇಗ ತೆಗೆದುಕೊಳ್ಳಬಹುದು. ಎದುರಾಳಿಗಳನ್ನು ದೂರ ನಿಲ್ಲಿಸಿ ಎಂದು ಒದೆಯುವವನೇ ಕೇಳಿದರೆ, ಅಥವಾ ರೆಫರಿ ಬೇರೆ ಕಾರಣಕ್ಕೆ ತಡೆದರೆ, ಆಗ ಸೀಟಿಗೆ ಕಾಯಬೇಕು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಹೇಳಿದ್ದಾಗಿ ಛೇತ್ರಿ ಆಮೇಲೆ ತಿಳಿಸಿದರು. ಆ ಗೋಲು ಸರಿ ಎಂದೇ ನನ್ನ ಅಭಿಪ್ರಾಯ. ಮೈದಾನ ಬಿಟ್ಟು ನಡೆದದ್ದು ತಪ್ಪು. ಇಷ್ಟೆಲ್ಲ ಒಪ್ಪಿದ ಮೇಲೂ, ಆ ಗೆಲುವಿಗೆ ಅಭಿಮಾನಿಗಳು ಕೊಟ್ಟ ಪ್ರತಿಕ್ರಿಯೆಯನ್ನು ನಾನು ಒಪ್ಪಲಾರೆ. ಮೂರು ದಿನ, ನಾಲ್ಕು ದಿನ, ನನ್ನ ಪರಿಚಯದ ಹುಡುಗರ ಬಾಯಲ್ಲಿ ಒಂದೇ ಮಾತು: ಅವರು ಓಡಿಹೋದರು. ಅಡ್ಡಹೆಸರು, ಅಣಕ, ಮಲಯಾಳಿಗಳ ಮೇಲೆ ಒಟ್ಟಾರೆ ಬೈಗುಳ. ತೊಂಬತ್ತೈದು ನಿಮಿಷ ಬ್ಲಾಸ್ಟರ್ಸ್‌ಗೆ ಗೋಲು ಬಿಟ್ಟುಕೊಡದೆ ಆಡಿದ ಹಿಂಬದಿಯ ಆಟಗಾರರ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಅವರು ತಡೆದದ್ದಕ್ಕೇ ಆ ಫ್ರೀ ಕಿಕ್‌ಗೆ ಬೆಲೆ ಬಂದದ್ದು.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಜಾತ್ರೆಯ ಕುಸ್ತಿ ಕಣದ ಸುತ್ತ ಕೂತ ಜನರನ್ನು ಈ ವಿಷಯದಲ್ಲಿ ನೆನೆಯದೆ ಇರಲಾರೆ. ಹಲಗಿ ಬಡಿತಕ್ಕೆ ಮೈ ಬಿಸಿಯಾಗಿ ಅವರೂ ಕೂಗುತ್ತಾರೆ, ತಮ್ಮೂರ ಪೈಲವಾನನ ಪರವಾಗಿಯೇ ಕೂಗುತ್ತಾರೆ. ಗೆದ್ದವನು ಕಣದ ಸುತ್ತ ಬಂದಾಗ ಕೈಯಲ್ಲಿ ನೋಟು ಇಡುತ್ತಾರೆ. ಆದರೆ ಸೋತವನು ಬಹಳ ಹೊತ್ತು ಡಾವಿಗೆ ಸಿಕ್ಕದೆ ನಿಂತಿದ್ದರೆ, ಅವನನ್ನೂ ಕರೆದು ಬೆನ್ನು ತಟ್ಟಿ ಕೈಗೆ ಏನಾದರೂ ಕೊಡುವ ಹಿರಿಯರು ಆ ಗುಂಪಿನಲ್ಲಿ ಇರುತ್ತಾರೆ. ಅವರಿಗೆ ಕುಸ್ತಿ ಓದಲು ಬರುತ್ತದೆ. ಸೋತವನ ಬಲ ಎಷ್ಟಿತ್ತೋ ಗೆದ್ದವನ ಹೆಮ್ಮೆಯೂ ಅಷ್ಟೇ ಎಂಬ ಲೆಕ್ಕ ಅವರಿಗೆ ಗೊತ್ತು. ಎದುರಾಳಿಯನ್ನು ಹೇಡಿ ಮಾಡಿದರೆ ತಮ್ಮ ಗೆಲುವೇ ಅಗ್ಗವಾಗುತ್ತದೆ ಎಂಬುದು ಮಾರ್ಚ್ 3ರ ಕೂಗಿಗೆ ಹೊಳೆಯಲಿಲ್ಲ.

ಮಾರ್ಚ್ 12ರಂದು ಬಂದದ್ದು ಮುಂಬೈ ಸಿಟಿ. ಆ ವರ್ಷ ಲೀಗಿನಲ್ಲಿ ಸತತ ಹದಿನೆಂಟು ಪಂದ್ಯ ಸೋಲದೆ ಶೀಲ್ಡ್ ಗೆದ್ದ ತಂಡ. ಮುಂಬೈಯಲ್ಲಿ ನಡೆದ ಸೆಮಿಫೈನಲ್‌ನ ಮೊದಲ ಪಂದ್ಯವನ್ನು ಬೆಂಗಳೂರು 1-0ರಿಂದ ಗೆದ್ದುಕೊಂಡು ಬಂದಿತ್ತು. ಆಟದ ಆರಂಭದಲ್ಲೇ ಮುಂಬೈಗೆ ಪೆನಾಲ್ಟಿ ಸಿಕ್ಕಿತು. ಬೆಂಗಳೂರಿನ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಹಾವಿ ಹೆರ್ನಾಂಡೆಜ್ ಬೆಂಗಳೂರಿಗೆ ಗೋಲು ತಂದರು. ಆಮೇಲೆ ಬಿಪಿನ್ ಸಿಂಗ್, ಅವರ ಹಿಂದೆ ಮೆಹ್ತಾಬ್ ಸಿಂಗ್ ಹೊಡೆದು ಮುಂಬೈಯನ್ನು 2-1ಕ್ಕೆ ಏರಿಸಿದರು. ಒಟ್ಟು 2-2. ಹೆಚ್ಚುವರಿ ಅರ್ಧ ತಾಸೂ ಹಾಗೆಯೇ ಕಳೆದು ಪೆನಾಲ್ಟಿ ಶೂಟೌಟ್‌ಗೆ ಬಂತು. ಐದೈದು ಮುಗಿದವು, ಆರು, ಏಳು, ಎಂಟು. ಯಾರೂ ತಪ್ಪುತ್ತಿಲ್ಲ. ಒಂಬತ್ತನೆಯದಕ್ಕೆ ಮೆಹ್ತಾಬ್ ಒದ್ದ ಚೆಂಡನ್ನು ಗುರ್‌ಪ್ರೀತ್ ತಡೆದರು. ಸಂದೇಶ್ ಝಿಂಗನ್ ಬಂದು ಒಳಗಿಟ್ಟರು. 9-8.

ಅಷ್ಟು ಹೊತ್ತು ನನ್ನ ಸುತ್ತಲಿನ ಹುಡುಗ ಹುಡುಗಿಯರು ಮಾಡಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮುಂಬೈ ಎರಡನೇ ಗೋಲು ಹೊಡೆದ ಮೇಲೆ, ಕಾಲು ಸೋತ ಆಟಗಾರರು ಚೆಂಡನ್ನು ಸುಮ್ಮನೆ ದೂರ ಒದ್ದಾಗಲೂ ಕೂಗು ಏರಿತು. ಯಾರೋ ಒಬ್ಬ ಡಿಫೆಂಡರ್ ಜಾರಿಬಿದ್ದು ಒಂದು ಕ್ರಾಸ್ ಅನ್ನು ತಡೆದಾಗ ಗೋಲಿಗೆ ಬರುವಷ್ಟು ಸದ್ದು ಬಂತು. ಆ ಹೊತ್ತಿನಲ್ಲಿ ಅವರ ಕಣ್ಣು ತೆರೆದಿತ್ತು. ಝಿಂಗನ್ ಒಂದು ಕಾಲಕ್ಕೆ ಕೇರಳ ಬ್ಲಾಸ್ಟರ್ಸ್‌ನ ಮೆಚ್ಚಿನ ಆಟಗಾರ. ಒಂಬತ್ತು ದಿನಗಳ ಹಿಂದೆ ಆ ಊರನ್ನೇ ಬೈದ ಬಾಯಿಗಳು ಈಗ ಅವರ ಹೆಸರನ್ನು ಎತ್ತಿ ಎತ್ತಿ ಕೂಗಿದವು. ಗೆದ್ದ ಮೇಲೆ ಆಟಗಾರರು ಸ್ಟ್ಯಾಂಡಿನ ಮುಂದೆ ಸಾಲಾಗಿ ನಿಂತರು. 2016ರ ಯೂರೋ ಕಪ್‌ನಲ್ಲಿ ಐಸ್‌ಲ್ಯಾಂಡ್ ಜಗತ್ತಿಗೆ ತೋರಿಸಿದ, ತಲೆಯ ಮೇಲೆ ಕೈ ಎತ್ತಿ ಹೊಡೆಯುವ ಆ ನಿಧಾನದ ಚಪ್ಪಾಳೆಯಲ್ಲಿ ನಾನೂ ಸೇರಿದೆ. ಎರವಲಿನದಾದರೇನು, ದಣಿದವರ ಜೊತೆ ಉಸಿರು ಕೂಡಿಸಲು ಅದಕ್ಕಿಂತ ಒಳ್ಳೆಯ ರೀತಿ ನನಗೆ ಗೊತ್ತಿಲ್ಲ.

ಆದರೆ ಗೇಟು ದಾಟಿ ಕಸ್ತೂರಬಾ ರಸ್ತೆಗೆ ಬರುವಷ್ಟರಲ್ಲಿ ಕೂಗು ಮತ್ತೆ ಕೇರಳದವರನ್ನು ಅಣಕಿಸುವ ಕಡೆ ತಿರುಗಿತ್ತು. ಅಂದು ಎದುರಿಗೆ ಆಡಿದ್ದು ಮುಂಬೈ!

ಭಾಷೆಯ ಬಗ್ಗೆಯೂ ಹೇಳಬೇಕು. ವೆಸ್ಟ್ ಬ್ಲಾಕ್‌ನಲ್ಲಿ ಕನ್ನಡ ಕೂಗು ಇದೆ, ಇಂಗ್ಲಿಷೂ ಇದೆ. ಹಲವು ಧಾಟಿಗಳು ಯುರೋಪಿನ ಸ್ಟ್ಯಾಂಡುಗಳಿಂದ ಬಂದವು. ಹತ್ತೂ ಊರಿನ ಮಕ್ಕಳು ದುಡಿಯುವ ನಗರದಲ್ಲಿ ಅದು ಸಹಜ, ನನಗೆ ಬೇಸರವಿಲ್ಲ. ನನ್ನ ಆಸೆ ಬೇರೆ. ಕನ್ನಡದ ಕೂಗು ಬಂದಾಗಲೆಲ್ಲ ಸ್ಟ್ಯಾಂಡಿನ ಅಂಚಿನಲ್ಲಿ ನಿಂತವರು, ನನ್ನಂತೆ ಹೊರಗಿನಿಂದ ಬಂದವರು, ಕೂಡಲೇ ಬಾಯಿಗೂಡಿಸಿದರು. ಲಾವಣಿ, ಹಂತಿ, ಡೊಳ್ಳಿನ ಪದಗಳಲ್ಲಿ ಒಬ್ಬ ಎತ್ತಿಕೊಟ್ಟು ಹತ್ತು ಜನ ಹಿಮ್ಮೇಳ ಹಿಡಿಯುವ ರೂಢಿ ನಮ್ಮಲ್ಲಿ ಹಳೆಯದು. ಸ್ಟ್ಯಾಂಡಿನ ಹಾಡಿನ ಕಟ್ಟೂ ಅದೇ. ಹೊಸ ಧಾಟಿ ಹುಡುಕುವವರು ಈ ಕಡೆಗೂ ಒಮ್ಮೆ ಕಿವಿ ಕೊಡಲಿ.

ಅದೇ ವರ್ಷ ಜುಲೈ 4ರಂದು ಇದೇ ಕಂಠೀರವದಲ್ಲಿ ಭಾರತ ತಂಡ ಸ್ಯಾಫ್ ಫೈನಲ್‌ನಲ್ಲಿ ಕುವೈತ್ ವಿರುದ್ಧ 1-1ರ ನಂತರ ಪೆನಾಲ್ಟಿಯಲ್ಲಿ 5-4ರಿಂದ ಗೆದ್ದಿತು. ಅಲ್ಲಿಯೂ ಕೊನೆಯ ಚೆಂಡು ತಡೆದದ್ದು ಗುರ್‌ಪ್ರೀತ್. ತುಂಬಿದ ಕ್ರೀಡಾಂಗಣ ಒಕ್ಕೊರಲಲ್ಲಿ ಹಾಡಿದ್ದನ್ನು ದೇಶವೇ ಕೇಳಿತು. ದೇಶದ ತಂಡಕ್ಕೆ ಕಂಠ ಇದೆ, ಕ್ಲಬ್ಬಿಗೆ ಕಂಠ ಇದೆ. ನಡುವೆ ಇನ್ನೊಂದು ತಂಡ ಇದೆ, ಅದಕ್ಕೆ ಇಲ್ಲ.

ಬ್ಲಾಸ್ಟರ್ಸ್ ಮೈದಾನ ಬಿಟ್ಟುಹೋದ ಮರುದಿನ, 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ರಾಜ್ಯದ ಹೆಸರಿನಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷ ಕಾದು ಬಂದ ಕಪ್ಪು. ಎರಡನೇ ನಿಮಿಷಕ್ಕೇ ಸುನಿಲ್ ಕುಮಾರ್, ಆಮೇಲೆ ಬೆಕೆ ಓರಾಂ, ಮಧ್ಯಂತರಕ್ಕೆ ಮುಂಚೆ ರಾಬಿನ್ ಯಾದವ್ ಅವರ ಸೊಗಸಾದ ಒಂದು ಫ್ರೀ ಕಿಕ್. ಹಿಂದಿನ ರಾತ್ರಿಯ ಫ್ರೀ ಕಿಕ್ ಬಗ್ಗೆ ಗಂಟೆಗಟ್ಟಲೆ ವಾದಿಸಿದ ನನ್ನ ಅಳಿಯನಿಗೂ ಅವನ ಗೆಳೆಯರಿಗೂ ಈ ಫ್ರೀ ಕಿಕ್ ಗೊತ್ತೇ ಇರಲಿಲ್ಲ. ಗೋಕಾಕದಲ್ಲಿ ಅಂದು ನಾನು ಮಾತಾಡಿಸಿದ ಹುಡುಗರಿಗೂ ಗೊತ್ತಿರಲಿಲ್ಲ, ಅವರ ಫೋನಿನಲ್ಲೂ ಓಡುತ್ತಿದ್ದದ್ದು ಬ್ಲಾಸ್ಟರ್ಸ್‌ನವರು ಹೊರನಡೆದ ದೃಶ್ಯವೇ. ಇಂಥ ಗೆಲುವಿಗೆ ದನಿ ಕೊಡಲು ಅಭ್ಯಾಸ, ಸಂಘಟನೆ, ಡ್ರಮ್ಮು ಎಲ್ಲ ಇದ್ದದ್ದು ವೆಸ್ಟ್ ಬ್ಲಾಕ್‌ನವರಿಗೆ. ಆ ವಾರ ಅವರ ಗಂಟಲು ಜಗಳಕ್ಕೆ ಸವೆಯಿತು.

ರಾಜ್ಯ ತಂಡದ ಆಟಗಾರರು ಬೆಳೆಯುವುದು ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಲೀಗಿನಂಥ ಪಂದ್ಯಗಳಲ್ಲಿ. ಅವು ನಡೆಯುವುದು ಅಶೋಕನಗರದ ಅದೇ ಕ್ರೀಡಾಂಗಣದಲ್ಲಿ, ವೆಸ್ಟ್ ಬ್ಲಾಕ್ ಹೆಸರು ಪಡೆದ ಅದೇ ಪಶ್ಚಿಮದ ಮೆಟ್ಟಿಲುಗಳ ಎದುರು. ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ಅಲ್ಲಿ ಕೂರುವವರು ಆಟಗಾರರ ಮನೆಯವರು, ಒಂದಿಷ್ಟು ಹಳೆಯ ಆಟಗಾರರು. ಕಂಠೀರವದಲ್ಲಿ ಪಂದ್ಯವಿಲ್ಲದ ವಾರ ಇಪ್ಪತ್ತು ಜನ ಡ್ರಮ್ ತೆಗೆದುಕೊಂಡು ಅಲ್ಲಿಗೆ ಹೋಗಲಿ ಎಂದು ಅಳಿಯನಿಗೆ ಹೇಳಿದೆ. "ನೋಡೂಣ್ರಿ ಮಾಮಾ, ಗ್ರೂಪಿನ್ಯಾಗ ಕೇಳ್ತೇನಿ" ಅಂದ.