ಪ್ರಶಸ್ತಿ ಚಿತ್ರಗಳು ಪುತ್ತೂರಿಗೆ ಬರುವಾಗ

ಪುತ್ತೂರು, ಸುಳ್ಯ ಮತ್ತು ಕಡಬದಲ್ಲಿ ತಿಂಗಳಿಗೊಂದರಂತೆ ಹಳೆಯ ಶ್ರೇಷ್ಠ ಚಿತ್ರಗಳನ್ನು ಸಾರ್ವಜನಿಕವಾಗಿ ತೋರಿಸಬೇಕೆಂಬ ಆಸೆಯಿರುವ ಕೆಲವು ಗೆಳೆಯರು ಈಚೆಗೆ ನಮ್ಮ ಮುಂದೆ ಒಂದು ಪಟ್ಟಿ ಇಟ್ಟರು. ಅವರ ಆಯ್ಕೆಯ ಮಾನದಂಡ ಸರಳ. ಚಿತ್ರ ದೊಡ್ಡ ಪ್ರಶಸ್ತಿಯ ಕಣದಲ್ಲಿ ಇದ್ದಿರಬೇಕು, ಇಲ್ಲವೇ ಪ್ರಶಸ್ತಿ ಪಡೆದಿರಬೇಕು. ಡಿ ಸಿಕಾನ 'ಬೈಸಿಕಲ್ ಥೀವ್ಸ್', ಕುರೊಸಾವಾನ 'ರಶೋಮನ್', ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'. ಜೊತೆಗೆ ಆಸ್ಕರ್‌ನ ವಿದೇಶಿ ಭಾಷಾ ವಿಭಾಗದ ಅಂತಿಮ ಪಟ್ಟಿಗೇರಿದ ನಮ್ಮ ದೇಶದ ಚಿತ್ರಗಳು: ಮೆಹಬೂಬ್ ಖಾನರ 'ಮದರ್ ಇಂಡಿಯಾ' (1957), ಮೀರಾ ನಾಯರ್ ಅವರ 'ಸಲಾಂ ಬಾಂಬೆ' (1988), ಅಶುತೋಷ್ ಗೋವಾರೀಕರ್ ಅವರ 'ಲಗಾನ್' (2001).

ಇವುಗಳಲ್ಲಿ ಯಾವುದನ್ನೂ ಬೇಡವೆನ್ನಲು ಕಾರಣವಿಲ್ಲ. ಆದರೆ ಪಟ್ಟಿಯನ್ನು ಎರಡನೇ ಬಾರಿ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ಮೂರು ತಾಲೂಕುಗಳ ಮನುಷ್ಯರು ಒಬ್ಬರೂ ಅದರಲ್ಲಿರಲಿಲ್ಲ. ಹಾಗೆಂದು ನಮ್ಮ ಕರಾವಳಿಯ ಬದುಕಿಗೆ ಪ್ರಶಸ್ತಿಯ ಭಾಗ್ಯ ಇಲ್ಲವೆಂದಲ್ಲ. ಶಿವರಾಮ ಕಾರಂತರು ದಶಕಗಳ ಕಾಲ ಪುತ್ತೂರಿನ ಬಾಲವನದಲ್ಲಿ ಬಾಳಿದವರು. ಅವರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ಮಾಡಿದ 'ಚೋಮನ ದುಡಿ' 1975ರ ಸಾಲಿನ ಸ್ವರ್ಣಕಮಲ ಪಡೆಯಿತು. ಬ್ಯಾರಿ ಭಾಷೆಯ 'ಬ್ಯಾರಿ' 2011ರ ಸಾಲಿನ ಸ್ವರ್ಣಕಮಲವನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಗಿರೀಶ್ ಕಾಸರವಳ್ಳಿಯವರ 'ಹಸೀನಾ'ದಲ್ಲಿ ತಾರಾ, 'ಗುಲಾಬಿ ಟಾಕೀಸ್'ನಲ್ಲಿ ಉಮಾಶ್ರೀ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಪಡೆದರು. ಇವು ದೆಹಲಿಯನ್ನೂ ಚಿತ್ರೋತ್ಸವಗಳನ್ನೂ ತಲುಪಿದವು. ಬ್ಯಾರಿ ಮಾತಾಡುವ ನಮ್ಮ ಹೆಂಗಸರು ಇವನ್ನು ನೋಡಿದ್ದಾರೆಯೇ ಎಂದು ಕೇಳಿದರೆ, ಹೆಸರು ಕೇಳಿದ್ದೇವೆ ಎನ್ನುವವರೂ ಕಡಿಮೆ.

ಕೈಯಲ್ಲೇ ಫೋನಿರುವಾಗ ಸಾರ್ವಜನಿಕ ಪ್ರದರ್ಶನ ಏಕೆ ಎಂದು ಕೇಳುವವರಿಗೆ 'ಗುಲಾಬಿ ಟಾಕೀಸ್' (2008) ಚಿತ್ರವನ್ನೇ ತೋರಿಸಬೇಕು. ಗುಲಾಬಿ ಮುಸ್ಲಿಂ ಸೂಲಗಿತ್ತಿ, ಸಿನಿಮಾದ ಹುಚ್ಚಿನವಳು. ಗಂಡ ಮೂಸಾ ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದಾನೆ. ಸಿನಿಮಾ ಬಿಟ್ಟುಬಂದು ಹೆರಿಗೆ ಮಾಡಿಸಿದ್ದಕ್ಕೆ ಶ್ರೀಮಂತರ ಮನೆಯವರು ಅವಳಿಗೆ ಬಣ್ಣದ ಟಿ.ವಿ. ಮತ್ತು ಡಿಶ್ ಕೊಡುತ್ತಾರೆ. ಮೀನುಗಾರರ ಆ ಕುದ್ರುವಿನಲ್ಲಿ ಅವಳ ಮನೆಯೇ ಟಾಕೀಸಾಗುತ್ತದೆ. ತುರ್ಕರ ಮನೆ ಎಂದು ಹೊಸಿಲು ತುಳಿಯದವರು ಕೆಲವರು, ಗಂಡಸರು ಕಡಲಿಗಿಳಿದ ಹೊತ್ತು ನೋಡಿ ಬಂದು ಕೂರುವವರು ಹಲವರು. ಇತ್ತ ಕಾರ್ಗಿಲ್ ಯುದ್ಧದ ಸುದ್ದಿ, ಅತ್ತ ದೊಡ್ಡ ದೋಣಿಗಳ ಮತ್ತು ಸಣ್ಣ ಬಲೆಗಳ ಜಗಳ. ಕೊನೆಗೆ ಮನೆ ಧ್ವಂಸವಾಗಿ ಗುಲಾಬಿ ಕುದ್ರು ಬಿಡಬೇಕಾಗುತ್ತದೆ. ಟಿ.ವಿ. ಮಾತ್ರ ಉಳಿಯುತ್ತದೆ. ಅದುವರೆಗೆ ಒಳಗೆ ಕಾಲಿಡದ ಇಬ್ಬರು ಮುದುಕಿಯರು ಆಗ ಟಿ.ವಿ. ನೋಡಲೆಂದು ಆ ಮನೆಯೊಳಗೆ ಹೋಗುತ್ತಾರೆ. ಮನೆಯೊಡತಿ ಇಲ್ಲದ ಮನೆಗೆ!

ವೈದೇಹಿಯವರ ಮೂಲ ಕತೆಯ ಸೂಲಗಿತ್ತಿ ಮುಸ್ಲಿಮಳಲ್ಲ, ಅವಳು ಲಿಲ್ಲಿಬಾಯಿ. ಅಲ್ಲಿ ಊರಿಗೆ ಬರುವುದು ಟಿ.ವಿ.ಯಲ್ಲ, ಟಾಕೀಸು. ಕಾಸರವಳ್ಳಿಯವರು ಈ ಬದಲಾವಣೆಯಿಂದ ಬಹಳಷ್ಟನ್ನು ಗಳಿಸಿದ್ದಾರೆ. ಆದರೂ ನಮಗೊಂದು ಕಸಿವಿಸಿ ಉಳಿಯುತ್ತದೆ. ಹಸೀನಾ ಗಂಡ ಬಿಟ್ಟವಳು. 'ಬ್ಯಾರಿ'ಯ ನಾಯಕಿ ತಲಾಖ್ ಆದವಳು. ಗುಲಾಬಿಯೂ ಗಂಡ ತೊರೆದವಳು. ಪ್ರಶಸ್ತಿಯ ಕಣ್ಣಿಗೆ ಮುಸ್ಲಿಂ ಹೆಣ್ಣು ಕಾಣಿಸುವುದು ಅವಳನ್ನು ಯಾರಾದರೂ ಕೈಬಿಟ್ಟಾಗ ಮಾತ್ರವೇ? ಇದನ್ನು ಹೊರಗಿನವರ ಪಿತೂರಿ ಎಂದು ತಳ್ಳಿಹಾಕುವಂತೆಯೂ ಇಲ್ಲ. 'ಹಸೀನಾ'ದ ಮೂಲ ಬಾನು ಮುಷ್ತಾಕ್ ಅವರ 'ಕರಿನಾಗರಗಳು', ನಮ್ಮೊಳಗಿನವರೇ ಬರೆದ ಕತೆ. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಹಾರ ಹಿಡಿದು ಓಡಿದ ನಾವು ಮಸೀದಿಯ ಮುಂದೆ ನ್ಯಾಯಕ್ಕೆ ಕುಳಿತ ಆ ಹೆಣ್ಣನ್ನು ಅದಕ್ಕೆ ಮೊದಲು ಎಷ್ಟು ಬಾರಿ ಮಾತಾಡಿಸಿದ್ದೆವು? ಗುಲಾಬಿ ನಮಗೆ ಹೆಚ್ಚು ಇಷ್ಟವಾಗುವುದು ಅವಳಿಗೆ ದುಃಖದ ಜೊತೆ ಒಂದು ಖುಷಿಯೂ ಇರುವುದರಿಂದ. ಚಿತ್ರದ ಆರಂಭದಲ್ಲಿ ಪರದೆಯಿಂದ ಕಣ್ಣು ಕೀಳಲೊಪ್ಪದ ಉಮಾಶ್ರೀಯವರ ಮುಖ ನೋಡಿದವರಿಗೆ ಇದು ತಿಳಿಯುತ್ತದೆ.

'ಬ್ಯಾರಿ'ಯ ವಿಷಯ ಇನ್ನಷ್ಟು ತೊಡಕಿನದು. ಒತ್ತಾಯದ ತಲಾಖ್, ಗಂಡನನ್ನು ಮತ್ತೆ ಸೇರಬೇಕಾದರೆ ಇನ್ನೊಬ್ಬನೊಡನೆ ಒಂದು ರಾತ್ರಿಯ ಮದುವೆ: 'ಚಂದ್ರಗಿರಿಯ ತೀರದಲ್ಲಿ' ಓದಿದವರಿಗೆ ಇದು ಹೊಸ ಕತೆಯಲ್ಲ. ಸಾರಾ ಅಬೂಬಕ್ಕರ್ ಅವರು ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ನ್ಯಾಯಾಲಯದ ಮೆಟ್ಟಿಲೇರಿದ್ದರು. ಪುತ್ತೂರಿನವರಾದ ನಾವು ಮರೆಯಬಾರದ ಇನ್ನೊಂದು ಸಂಗತಿಯಿದೆ. 1985ರಲ್ಲಿ ಇದೇ ಪುತ್ತೂರಿನ ಸಾಹಿತ್ಯ ಸಮಾವೇಶವೊಂದರಲ್ಲಿ ಸಾರಾ ಮಾತಾಡದಂತೆ ತಡೆಯಲು ಸಮುದಾಯದ ಕೆಲವು ಯುವಕರು ಮುಂದಾಗಿದ್ದರು. ಲೇಖಕಿಯ ಬಾಯಿ ಮುಚ್ಚಿಸಲು ಹೊರಟವರೂ ನಾವೇ, ಅಂಥದೇ ಕತೆಗೆ ಸ್ವರ್ಣಕಮಲ ಬಂದಾಗ ನಮ್ಮ ಭಾಷೆ ಗೆದ್ದಿತೆಂದು ಬೀಗಿದವರೂ ನಾವೇ. ಸಾರಾ 2023ರಲ್ಲಿ ತೀರಿಹೋದರು. ಪುತ್ತೂರಿನಲ್ಲಿ ಆ ಚಿತ್ರವನ್ನು ತೋರಿಸುವುದಾದರೆ ಮೊದಲು ಕಾದಂಬರಿಯ ಹೆಸರನ್ನೂ 1985ರ ಆ ದಿನವನ್ನೂ ವೇದಿಕೆಯಲ್ಲಿ ಹೇಳಿಯೇ ದೀಪ ಆರಿಸಬೇಕು.

ಗೆಳೆಯರ ಪಟ್ಟಿಗೆ ನಾವು ಸೇರಿಸಿದ ಇನ್ನೊಂದು ಚಿತ್ರ ಮೈಸೂರಿನ ಎಂ.ಎಸ್. ಸತ್ಯು ಅವರ 'ಗರಂ ಹವಾ'. 1974ರ ಕಾನ್ ಉತ್ಸವದ ಸ್ಪರ್ಧೆಯಲ್ಲಿದ್ದ ಚಿತ್ರವಿದು, ಆಸ್ಕರ್‌ಗೆ ಭಾರತದಿಂದ ಹೋದದ್ದು. ವಿಭಜನೆ ಕರಾವಳಿಗೆ ದೂರದ ಸುದ್ದಿಯಾಗಿತ್ತು, ನಿಜ. ಆದರೆ ಬಲರಾಜ್ ಸಹಾನಿಯವರ ಸಲೀಂ ಮಿರ್ಜಾ ಆಗ್ರಾದಲ್ಲಿ ಬಾಡಿಗೆ ಮನೆ ಹುಡುಕುತ್ತ ಅಲೆಯುವಾಗ, ಹೆಸರು ಹೇಳಿದ ಕೂಡಲೇ ಮನೆ ಖಾಲಿಯಿಲ್ಲವೆಂಬ ಉತ್ತರ ಕೇಳಿ ಬಂದ ನಮ್ಮ ಹುಡುಗರಿಗೆ ವಿವರಣೆ ಬೇಕಾಗದು. ಉರ್ದು ಓದಿದ ನಮಗೆ ಅದರ ಸಂಭಾಷಣೆ ನೇರ ಎದೆಗಿಳಿಯುತ್ತದೆ. ಬ್ಯಾರಿ ಮನೆಮಾತಿನವರಿಗೆ ಅದು ಪರಭಾಷೆ. ಮುಸ್ಲಿಮರೆಲ್ಲರ ಭಾಷೆ ಉರ್ದು ಎಂದು ನಂಬಿದವರು ಇದನ್ನು ಗಮನಿಸಬೇಕು.

ಇಲ್ಲಿ ಹೆಗ್ಗೋಡಿನ ಪಾಠ ನೆರವಾಗುತ್ತದೆ. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಹಳ್ಳಿಯವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿತು. ಕನ್ನಡದಲ್ಲಿ ಪರಿಚಯ, ಕೊನೆಗೆ ಚರ್ಚೆ. ಸುಳ್ಯ, ಕಡಬಗಳೂ ಅಡಿಕೆಯ ಊರುಗಳೇ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕಾಗದು?

ಆದರೆ ಹೊತ್ತು ಮುಖ್ಯ. ಪಟ್ಟಿಯಲ್ಲಿ ಎಲ್ಲ ಪ್ರದರ್ಶನಗಳೂ ಸಂಜೆ ಏಳಕ್ಕೆಂದಿತ್ತು. ಆ ಹೊತ್ತಿಗೆ ಬರುವವರು ನಾವು ಗಂಡಸರು, ಅದರಲ್ಲೂ ಭಾಷಣ ಕೇಳಿ ಅಭ್ಯಾಸವಿರುವ ಗಂಡಸರು. ಬೀಡಿ ಕಟ್ಟುವ ಹೆಂಗಸರು ಬರಬೇಕಾದರೆ ಬ್ರಾಂಚಿಗೆ ಬೀಡಿ ಕೊಡುವ ದಿನ ಬಿಟ್ಟು, ಮಧ್ಯಾಹ್ನದ ಊಟವಾದ ಮೇಲೆ ಶುರುವಾಗಿ, ಹಳ್ಳಿಯ ಬಸ್ಸು ಸಿಗುವಂತೆ ಅಸರ್ ಹೊತ್ತಿಗೆ ಮುಗಿಯಬೇಕು. ಸಿನಿಮಾ ಸಲ್ಲದು ಎನ್ನುವ ಉಸ್ತಾದರನ್ನೂ ಕರೆಯೋಣ ಎಂದೆವು. ಗೆಳೆಯರಲ್ಲೊಬ್ಬರು, ಅವರು ಬಂದು ಗಲಾಟೆಯಾದರೆ ಎಂದು ಕೇಳಿದರು. ಚರ್ಚೆಗೆ ಒಂದು ಗಂಟೆ ಇಟ್ಟಿರುವುದು ಮತ್ತೇತಕ್ಕೆ ಎಂದೆವು.

ಕಡಬದಲ್ಲಿ ಮೊದಲು 'ಗುಲಾಬಿ ಟಾಕೀಸ್' ಎಂದು ಒಪ್ಪಿದ್ದಾರೆ. 'ಲಗಾನ್' ಕೊನೆಗೆ ಸರಿದಿದೆ, ಅದನ್ನು ಎಲ್ಲರೂ ನೋಡಿಯಾಗಿದೆ. 'ಬ್ಯಾರಿ'ಯ ಪ್ರದರ್ಶನಕ್ಕೆ ಯಾರ ಅನುಮತಿ ಕೇಳಬೇಕೆಂಬುದು ಇನ್ನೂ ಇತ್ಯರ್ಥವಾಗಬೇಕಿದೆ.