ಒಂದೇ ದಿಕ್ಕಿಗೆ ಕಿವಿ

ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ, ಪಿವಿಸಿ ಪೈಪಿನ ಮೇಲೆ ಅಡ್ಡಡ್ಡ ಬಿಗಿದರೆ ಹವ್ಯಾಸಿ ರೇಡಿಯೊದ 2 ಮೀಟರ್ ಬ್ಯಾಂಡಿನ ಯಾಗಿ ಆಂಟೆನಾ ಸಿದ್ಧ. ಹಿಂದಿನ ಪಟ್ಟಿ ಸುಮಾರು 105 ಸೆಂ.ಮೀ., ಮುಂದಿನದು 89. ನಡುವಿನದನ್ನು ಎರಡು ಹೋಳು ಮಾಡಿ ಕೇಬಲ್ಲಿಗೆ ಬೆಸುಗೆ ಹಾಕಬೇಕು. ನನ್ನ ಕಣ್ಣು ಮಾತ್ರ ಹೋಗುವುದು ಹಿಂದಿನ, ಮುಂದಿನ ಪಟ್ಟಿಗಳ ಮೇಲೆಯೇ. ಅವಕ್ಕೆ ಯಾವ ತಂತಿಯೂ ತಾಗಿಲ್ಲ. ಒಂದು ಗೇಣಿನಷ್ಟು ಹಿಂದೆ ಒಂದು, ಒಂದೂವರೆ ಗೇಣಿನಷ್ಟು ಮುಂದೆ ಇನ್ನೊಂದು, ಸುಮ್ಮನೆ ನಿಂತಂತೆ ಕಾಣುತ್ತವೆ. ಬಂದ ಅಲೆಯನ್ನು ತಾವೂ ಹಿಡಿದು ಮತ್ತೆ ಹೊಮ್ಮಿಸುವುದು ಅವುಗಳ ಕೆಲಸ. ಉದ್ದದ್ದು ಒಂದು, ಗಿಡ್ಡದ್ದು ಒಂದು ಆದ್ದರಿಂದ ಎರಡರ ತಾಳವೂ ಬೇರೆ. ಎದುರಿನಿಂದ ಬಂದ ಅಲೆ ನಡುವಿನ ಪಟ್ಟಿಯಲ್ಲಿ ಕೂಡಿ ಬಲಗೊಳ್ಳುತ್ತದೆ, ಬೆನ್ನ ಕಡೆಯಿಂದ ಬಂದದ್ದು ತನ್ನಲ್ಲೇ ಅಳಿಯುತ್ತದೆ. 1926ರ ಹೊತ್ತಿಗೆ ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಈ ಆಂಟೆನಾಕ್ಕಾಗಿ ಹೆಚ್ಚು ದುಡಿದವರು ಶಿಂತಾರೊ ಉದಾ. ಹೆಸರು ಉಳಿದದ್ದು ಅವರ ಹಿರಿಯರಾದ ಯಾಗಿ ಅವರದು. ನಾನಂತೂ ಯಾಗಿ-ಉದಾ ಎಂದೇ ಹೇಳುತ್ತೇನೆ.

ಶಹಾಬಾದಿನ ಪರಸಿ ಹಾಸಿದ ಮಾಳಿಗೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಈ ಅಲೆಗಳಿಗೆ ಕಣ್ಣಳತೆಯ ನೇರ ದಾರಿ ಬೇಕು. ಚಿತ್ತಾಪುರ, ಸೇಡಂ ಕಡೆಯ ತೊಗರಿ ಹೊಲಗಳ ಬಯಲು ಅದನ್ನು ಧಾರಾಳವಾಗಿ ಕೊಡುತ್ತದೆ. ಚಿಂಚೋಳಿಯ ಗುಡ್ಡಗಳ ಮರೆಯಲ್ಲಿ ಅಷ್ಟು ಸುಲಭವಿಲ್ಲ. ವಾಡಿಯ ಕಡೆ ಕಾರ್ಖಾನೆ, ವಿದ್ಯುತ್ ಮಾರ್ಗಗಳ ಕರಕರ ಕೇಳಿಸಿದರೆ ಆಂಟೆನಾದ ಪಕ್ಕೆಯನ್ನು ಅತ್ತ ತಿರುಗಿಸಿ. ಸದ್ದು ಇಳಿದು, ಅದರಡಿ ಹೂತಿದ್ದ ದನಿ ಮೇಲೇಳುತ್ತದೆ. ಕೇಳಬೇಕಾದ್ದಕ್ಕಿಂತ ಕೇಳಬಾರದ್ದನ್ನು ಬಿಡುವುದರಲ್ಲೇ ಇದರ ಸೊಗಸು ಹೆಚ್ಚು.

ಈ ಸೀಮೆಗೆ ದಿಕ್ಕು ಹಿಡಿಯುವ ಆಂಟೆನಾ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿವಿ ಪ್ರಯೋಗದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿ ಜಾಲರಿಯ, ಮೂರು ಮೀಟರ್ ಅಗಲದ ಆಂಟೆನಾಗಳು ಪಡುವಣ ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಅಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಎಟಿಎಸ್-6 ಉಪಗ್ರಹವಿತ್ತು.

ಅದು ನಿಂತಲ್ಲೇ ನಿಂತಿತ್ತು. ಬಾಹ್ಯಾಕಾಶ ನಿಲ್ದಾಣ ಹಾಗಲ್ಲ, ಸುಮಾರು ಹತ್ತು ನಿಮಿಷದಲ್ಲಿ ದಿಗಂತದಿಂದ ದಿಗಂತಕ್ಕೆ ಹಾದುಹೋಗುತ್ತದೆ. ಕೈಯಲ್ಲಿ ಯಾಗಿ ಹಿಡಿದು, 145.8 ಮೆಗಾಹರ್ಟ್ಸ್‌ಗೆ ರೇಡಿಯೊ ಇಟ್ಟು, ಅದರ ಹಿಂದೆಯೇ ತೋಳು ತಿರುಗಿಸಬೇಕು. ದನಿ ಕುಗ್ಗಿದಾಗ ಮಣಿಕಟ್ಟನ್ನು ತುಸು ಹೊರಳಿಸಿದರೆ ಮತ್ತೆ ತುಂಬಿ ಬರುತ್ತದೆ: ಅಲೆ ವಾಲಿದ ಕಡೆಗೇ ಪಟ್ಟಿಯೂ ವಾಲಬೇಕಲ್ಲ! ಕೇಳಿದ ಮೇಲೆ ತಾವೂ ಮಾತಾಡಬೇಕೆನ್ನಿಸಿದವರು ಪರೀಕ್ಷೆ ಬರೆದು, ಪರವಾನಗಿ ಪಡೆದು, ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಸಂಕೇತ ಪಡೆಯಬೇಕು.