ಸ್ಟಿಕ್ಕರ್ ಹೇಳದ ವ್ಯಾಟ್ ಲೆಕ್ಕ

ಕರ್ನಾಟಕದ ಮಧ್ಯಮ ವರ್ಗದ ಮನೆಗೆ ಗೇಮಿಂಗ್ ಲ್ಯಾಪ್‌ಟಾಪ್ ಬರುವುದು ಹೆಚ್ಚಾಗಿ ಇಂಜಿನಿಯರಿಂಗ್ ಸೀಟಿನ ಬೆನ್ನಲ್ಲೇ. ಸಿಇಟಿ ಕೌನ್ಸೆಲಿಂಗ್ ಮುಗಿದು ಕಾಲೇಜು ಖಚಿತವಾಗುತ್ತಿದ್ದಂತೆ ಲ್ಯಾಪ್‌ಟಾಪಿನ ಮಾತು ಶುರುವಾಗುತ್ತದೆ. ಮಗನಿಗೋ ಮಗಳಿಗೋ ವ್ಯಾಲೊರಂಟ್, ಜಿಟಿಎ ಸಲೀಸಾಗಿ ಓಡಬೇಕು. ಅಪ್ಪ ಅಮ್ಮನಿಗೆ ಕೋರ್ಸ್ ಮುಗಿಯುವವರೆಗೆ ಕೈಕೊಡದ ಯಂತ್ರ ಬೇಕು. 70 ಸಾವಿರದಿಂದ 1 ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಇವೆರಡೂ ಒಟ್ಟಿಗೇ ಸಿಗುತ್ತವೆ ಎಂಬ ಭರವಸೆಯೇ ಆಸುಸ್ ಟಫ್, ಲೆನೊವೊ ಎಲ್‌ಓಕ್ಯೂ, ಎಚ್‌ಪಿ ವಿಕ್ಟಸ್, ಏಸರ್ ನೈಟ್ರೊ ಮುಂತಾದ ಮಾದರಿಗಳನ್ನು ಇಷ್ಟು ಜನಪ್ರಿಯ ಮಾಡಿದೆ.

ಆ ಭರವಸೆಯಲ್ಲಿ ಹುರುಳಿದೆ. ಹಗಲು ಕೋಡಿಂಗ್, ಆಟೊಕ್ಯಾಡ್, ಬ್ಲೆಂಡರ್, ರಾತ್ರಿ ಆಟ. ಮೆಷಿನ್ ಲರ್ನಿಂಗ್ ಓದುವವರಿಗೆ ಎನ್‌ವಿಡಿಯಾ 2007ರಲ್ಲಿ ಹೊರತಂದ ‘ಕೂಡಾ’ ಎಂಬ ತಂತ್ರಾಂಶ ಈ ಯಂತ್ರಗಳ ಗ್ರಾಫಿಕ್ಸ್ ಚಿಪ್ಪಿನ ಮೇಲೆಯೇ ಓಡುತ್ತದೆ. ಹಾಗಾಗಿ ‘ಗೇಮಿಂಗ್’ ಎಂದ ಕೂಡಲೇ ಮೂಗು ಮುರಿಯುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ತಕರಾರು ಇವನ್ನು ಮಾರುವ ಕ್ರಮದ ಬಗ್ಗೆ. ಕೊಂಡ ಮೇಲೆ ಬದಲಾಯಿಸಬಹುದಾದ ಭಾಗಗಳ ಅಂಕಿಗಳನ್ನು ಅಂಗಡಿಯಲ್ಲಿ ದೊಡ್ಡದಾಗಿ ತೋರಿಸುತ್ತಾರೆ. ಎಂದಿಗೂ ಬದಲಾಯಿಸಲಾಗದ ಭಾಗಗಳ ಅಂಕಿಗಳನ್ನು ಗಿರಾಕಿಯೇ ಹುಡುಕಿಕೊಳ್ಳಬೇಕು.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಲ್ಲಾಗಲಿ, ಹುಬ್ಬಳ್ಳಿಯ ಮಾಲ್‌ನಲ್ಲಾಗಲಿ ಕಿವಿಗೆ ಬೀಳುವ ಮಾತು ಒಂದೇ: ‘16 ಜಿಬಿ ರ‍್ಯಾಮ್ ಸರ್, 512 ಎಸ್‌ಎಸ್‌ಡಿ, ಆರ್‌ಟಿಎಕ್ಸ್ ಗ್ರಾಫಿಕ್ಸ್’. ಮೊದಲ ಎರಡು ಅಂಕಿ ನಿಜ, ಆದರೆ ಅವು ಅಷ್ಟು ನಿರ್ಣಾಯಕವಲ್ಲ. ಈ ದರದ ಬಹುತೇಕ ಮಾದರಿಗಳ ತಳದ ಮುಚ್ಚಳ ಬಿಚ್ಚಿದರೆ ರ‍್ಯಾಮ್‌ಗೆ ಎರಡು ಸ್ಲಾಟ್, ಎಸ್‌ಎಸ್‌ಡಿಗೆ ಇನ್ನೊಂದು ಖಾಲಿ ಜಾಗ ಸಿಗುತ್ತದೆ. ತೆಳು ಲ್ಯಾಪ್‌ಟಾಪ್‌ಗಳು ರ‍್ಯಾಮನ್ನೇ ಬೋರ್ಡಿಗೆ ಬೆಸುಗೆ ಹಾಕಿ ಕೊಡುತ್ತಿರುವ ಕಾಲದಲ್ಲಿ ಇದು ಸಣ್ಣ ಗುಣವಲ್ಲ. ಮೂರನೆಯದು, ‘ಆರ್‌ಟಿಎಕ್ಸ್ ಗ್ರಾಫಿಕ್ಸ್’ ಎಂಬುದು, ಅರ್ಧ ಮಾತು. ಅದರ ಉಳಿದರ್ಧದಲ್ಲಿದೆ ಕೊಟ್ಟ ದುಡ್ಡಿನ ಭವಿಷ್ಯ.

ಆ ಉಳಿದರ್ಧದಲ್ಲಿ ಮೊದಲನೆಯದು ವ್ಯಾಟ್. 2023ರ ಆರಂಭದಲ್ಲಿ ಬಂದ ಆರ್‌ಟಿಎಕ್ಸ್ 4050 ಲ್ಯಾಪ್‌ಟಾಪ್ ಚಿಪ್ಪಿಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಉಣಿಸಬೇಕೆಂಬುದು ಲ್ಯಾಪ್‌ಟಾಪ್ ತಯಾರಕರಿಗೆ ಬಿಟ್ಟದ್ದು. ಹೆಸರು ಒಂದೇ, ಸ್ಟಿಕ್ಕರ್ ಒಂದೇ, ಓಟ ಮಾತ್ರ ಬೇರೆ ಬೇರೆ. ಹಿಂದೆ ಕಡಿಮೆ ವಿದ್ಯುತ್ತಿನ ಚಿಪ್ಪುಗಳ ಹೆಸರಿಗೆ ‘ಮ್ಯಾಕ್ಸ್-ಕ್ಯೂ’ ಎಂಬ ಬಾಲವಾದರೂ ಇರುತ್ತಿತ್ತು. 2021ರಲ್ಲಿ 30ರ ಸರಣಿ ಲ್ಯಾಪ್‌ಟಾಪ್‌ಗೆ ಬಂದಾಗ ಆ ಗುರುತೂ ಹೋಯಿತು. ಆಕ್ಷೇಪ ಎದ್ದ ಮೇಲೆ ವ್ಯಾಟ್ ಅಂಕಿ ತಯಾರಕರ ಜಾಲತಾಣದ ವಿವರಪಟ್ಟಿಗೆ ಬಂತು, ಅಂಗಡಿಯ ಸ್ಟಿಕ್ಕರ್‌ವರೆಗೆ ಬರಲಿಲ್ಲ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070ರಲ್ಲಿ 12 ಜಿಬಿ ಮೆಮೊರಿ, ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ 8 ಜಿಬಿ. ಹೆಸರೊಂದನ್ನೇ ನಂಬಿ ಕೊಳ್ಳಬಾರದು ಎನ್ನಲು ಇದಕ್ಕಿಂತ ಪುರಾವೆ ಬೇಕಿಲ್ಲ.

ಸತ್ಯ ತಿಳಿಯಲು ಎರಡು ದಾರಿಗಳಿವೆ, ಎರಡಕ್ಕೂ ಪರಿಣತಿ ಬೇಡ. ಡೆಮೊ ಯಂತ್ರದಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ‘ಸಿಸ್ಟಂ ಇನ್ಫರ್ಮೇಶನ್’ ಒತ್ತಿದರೆ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂಬ ಸಾಲು ಸಿಗುತ್ತದೆ. ಅದೂ ಸಾಧ್ಯವಾಗದಿದ್ದರೆ ಚಾರ್ಜರನ್ನು ತಿರುಗಿಸಿ ಬೆನ್ನಿನ ಸಣ್ಣಕ್ಷರ ಓದಿ. 20 ವೋಲ್ಟ್, 7.5 ಆಂಪಿಯರ್ ಎಂದಿದ್ದರೆ ಅದು 150 ವ್ಯಾಟಿನದು. ಪ್ರೊಸೆಸರ್, ಪರದೆ, ಫ್ಯಾನ್ ಎಲ್ಲವೂ ಅದರಲ್ಲೇ ಬದುಕಬೇಕಾದ್ದರಿಂದ ಗ್ರಾಫಿಕ್ಸ್ ಚಿಪ್ಪಿನ ಪಾಲಿಗೆ ಹೆಚ್ಚೇನೂ ಉಳಿಯದು. 20 ವೋಲ್ಟ್, 11.5 ಆಂಪಿಯರ್ ಎಂದಿದ್ದರೆ 230 ವ್ಯಾಟ್, ಅಂದರೆ ಚಿಪ್ಪಿಗೆ ಹೊಟ್ಟೆತುಂಬ ಉಣ್ಣುವ ಅವಕಾಶವಿದೆ. ಹಾಗೆಂದು ವ್ಯಾಟ್ ಹೆಚ್ಚಿದಷ್ಟೂ ಲಾಭವೆಂದೇನಿಲ್ಲ. 4050, 4060 ಚಿಪ್ಪುಗಳು ಸುಮಾರು 100 ವ್ಯಾಟ್ ದಾಟಿದ ಮೇಲೆ ವೇಗ ಅಷ್ಟಾಗಿ ಏರುವುದಿಲ್ಲ. ‘140 ವ್ಯಾಟ್’ ಎಂಬ ಅಂಕಿಗೆ ಹೆಚ್ಚು ಹಣ ತೆರುವ ಅಗತ್ಯವಿಲ್ಲ. 50–60ರಲ್ಲೇ ಕಟ್ಟಿಹಾಕಿದ ಮಾದರಿಯನ್ನು ಮಾತ್ರ ಖಂಡಿತ ಬಿಡಬೇಕು.

ಎರಡನೆಯದು ಗ್ರಾಫಿಕ್ಸ್ ಮೆಮೊರಿ. ಅದನ್ನು ಚಿಪ್ಪಿನ ಜೊತೆಗೇ ಬೋರ್ಡಿಗೆ ಬೆಸೆದಿರುತ್ತಾರೆ, ಮುಂದೆ ಯಾರಿಂದಲೂ ಹೆಚ್ಚಿಸಲಾಗದು. 2021ರ ಆರ್‌ಟಿಎಕ್ಸ್ 3050ರಲ್ಲಿ 4 ಜಿಬಿ, 4050ರಲ್ಲಿ 6 ಜಿಬಿ, 4060ರಲ್ಲಿ 8 ಜಿಬಿ. 2024ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’ ಆಟ ತನ್ನ ಕನಿಷ್ಠ ಅಗತ್ಯವನ್ನೇ 8 ಜಿಬಿ ಎಂದು ಸಾರಿತು. ಅಂದರೆ 4050 ಮಾರುಕಟ್ಟೆಗೆ ಬಂದು ಎರಡು ವರ್ಷ ತುಂಬುವ ಮೊದಲೇ ಒಂದು ದೊಡ್ಡ ಆಟ ಅದನ್ನು ಹೊಸ್ತಿಲಾಚೆ ನಿಲ್ಲಿಸಿತು. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್‌ನಂಥ ಆಟಗಳಿಗಷ್ಟೇ ಆದರೆ 6 ಜಿಬಿ ಧಾರಾಳವಾಯಿತು. ಮುಂದಿನ ನಾಲ್ಕು ವರ್ಷ ಹೊಸ ಕತೆಯಾಟಗಳನ್ನು ಆಡಬೇಕೆನ್ನುವವರು, ಮನೆಯಲ್ಲೇ ಸಣ್ಣ ಎಐ ಮಾದರಿಗಳನ್ನು ಓಡಿಸಬೇಕೆನ್ನುವವರು 8 ಜಿಬಿಗಿಂತ ಕೆಳಗಿಳಿಯಬಾರದು.

ಮೂರನೆಯದು ಪರದೆ. ‘144 ಹರ್ಟ್ಸ್’ ಎಂದು ಹೊಗಳಿ ಮಾರುವ ಹಲವು ಮಾದರಿಗಳಲ್ಲಿ ಬಣ್ಣದ ವ್ಯಾಪ್ತಿ ಬರೀ 45 ಶೇಕಡಾ ಎನ್‌ಟಿಎಸ್‌ಸಿ, ಬೆಳಕು 250 ನಿಟ್. ವೇಗವೇನೋ ನಿಜ, ಆದರೆ ಬಣ್ಣ ಸೋತಿರುತ್ತದೆ. ಮೈಸೂರು ದಸರಾ ಮೆರವಣಿಗೆಯ ಒಂದು ಫೋಟೊವನ್ನು ಅಂಥ ಪರದೆಯಲ್ಲಿ ತೆರೆದು ಪಕ್ಕದಲ್ಲಿ ನಿಮ್ಮ ಫೋನ್ ಹಿಡಿಯಿರಿ. ಆನೆಯ ಹಣೆಯ ಕುಂಕುಮ ಫೋನಿನಲ್ಲಿ ಕೆಂಪಾಗಿ ಬೆಳಗುತ್ತಿದ್ದರೆ ಲ್ಯಾಪ್‌ಟಾಪಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ಇಳಿದಿರುತ್ತದೆ. ವಿಡಿಯೊ ಎಡಿಟಿಂಗ್, ವಿನ್ಯಾಸ ಕಲಿಯುವವರಿಗೆ ಇದು ದಿನನಿತ್ಯದ ತೊಂದರೆ. ಅದೇ ಕಂಪನಿಯ ಅದೇ ಮಾದರಿಯಲ್ಲಿ, ಸ್ವಲ್ಪ ಹೆಚ್ಚು ಬೆಲೆಗೆ, 100 ಶೇಕಡಾ ಎಸ್‌ಆರ್‌ಜಿಬಿ ಪರದೆಯೂ ಹಲವೊಮ್ಮೆ ಸಿಗುತ್ತದೆ. ಹೆಚ್ಚಿನ ರ‍್ಯಾಮ್‌ಗೆ ಹಾಕುವ ಹಣವನ್ನು ಇದಕ್ಕೆ ಹಾಕುವುದು ಲೇಸು.

ಈ ಸಲಹೆಗೆ ಈಗ ಒಂದು ತಿದ್ದುಪಡಿ ಬೇಕು. ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ಮೆಮೊರಿ ಚಿಪ್ಪುಗಳ ಬೆಲೆ ವಿಪರೀತ ಏರಿತು. ‘ರ‍್ಯಾಮ್ ಆಮೇಲೆ ಹಾಕಿಸಿದರಾಯಿತು’ ಎಂಬ ಹಳೆಯ ಧೈರ್ಯ ಹಿಂದಿನಷ್ಟು ಅಗ್ಗವಲ್ಲ. ಆದ್ದರಿಂದ 16 ಜಿಬಿ ಇರುವ ಯಂತ್ರವನ್ನೇ ಕೊಳ್ಳಿ, 32ರ ಆಸೆಯನ್ನು ಸದ್ಯಕ್ಕೆ ಬಿಡಿ. ‘ಬಾಲ್ಡರ್ಸ್ ಗೇಟ್ 3’ ಒಂದೇ 150 ಜಿಬಿ ಜಾಗ ಕೇಳುವಾಗ 512 ಜಿಬಿಯ ಡಿಸ್ಕ್ ಬೇಗ ತುಂಬುತ್ತದೆ ನಿಜ. ಆಡಿ ಮುಗಿಸಿದ ಆಟವನ್ನು ಅಳಿಸಿಯೂ ಕಾಲ ತಳ್ಳಬಹುದು.

ಇನ್ನು ಬಳಕೆಯ ಮಾತು. ಈ ಯಂತ್ರಗಳ ಅಸಲಿ ಪರೀಕ್ಷೆ ನಡೆಯುವುದು ನಮ್ಮ ಬೇಸಿಗೆಯಲ್ಲಿ. ಹವಾನಿಯಂತ್ರಿತ ಸ್ಟುಡಿಯೊದಲ್ಲಿ ಮಾಡಿದ ವಿಮರ್ಶೆ ರಾಯಚೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ, ಮಿತಿ ಮುಟ್ಟಿದ ಚಿಪ್ಪು ತಾನಾಗಿ ವೇಗ ಇಳಿಸುತ್ತದೆ. ತಳದ ಜಾಲರಿಯಿಂದ ಗಾಳಿ ಎಳೆದುಕೊಳ್ಳುವ ಯಂತ್ರವನ್ನು ಹಾಸಿಗೆಯ ಮೇಲಿಟ್ಟು ಆಡಿದರೆ ಉಸಿರುಗಟ್ಟುತ್ತದೆ. ವರ್ಷ ಕಳೆದ ಯಂತ್ರವನ್ನು ಬಿಚ್ಚಿ ನೋಡಿದವರಿಗೆ ಗೊತ್ತು: ಫ್ಯಾನಿನ ಬಾಯಿಗೂ ತಾಮ್ರದ ಕೊಳವೆಯ ತುದಿಯ ತೆಳು ರೆಕ್ಕೆಗಳಿಗೂ ನಡುವೆ ಧೂಳು ಬೂದುಬಣ್ಣದ ಪದರವಾಗಿ ಕೂತಿರುತ್ತದೆ. ಬ್ರಷ್ಷಿನಿಂದ ಅದನ್ನು ತೆಗೆದರೆ ಫ್ಯಾನಿನ ಅಬ್ಬರ ತಗ್ಗುತ್ತದೆ, ಕಳೆದುಹೋದ ವೇಗ ಬಹುಪಾಲು ಮರಳುತ್ತದೆ. ಇದಕ್ಕೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್ ಮತ್ತು ಅರ್ಧ ಗಂಟೆ. ವಾರಂಟಿ ಇರುವಾಗ ಮುಚ್ಚಳ ತೆಗೆಯಬಹುದೇ ಎಂದು ಮೊದಲು ಕೇಳಿಕೊಳ್ಳಬೇಕು, ಅಷ್ಟೇ.

ಬ್ಯಾಟರಿಯ ವಿಷಯದಲ್ಲಿ ಭ್ರಮೆ ಬೇಡ. 60 ವ್ಯಾಟ್-ಅವರ್ ಬ್ಯಾಟರಿಗೆ 150 ವ್ಯಾಟ್ ಬೇಡುವ ಆಟವನ್ನು ಅರ್ಧ ಗಂಟೆಯೂ ಹೊರಲಾಗದು. ಅದಕ್ಕೇ ಕರೆಂಟು ಹೋದ ಕ್ಷಣ ಯಂತ್ರ ಗ್ರಾಫಿಕ್ಸ್ ಚಿಪ್ಪಿನ ವಿದ್ಯುತ್ತನ್ನು ಕಡಿತ ಮಾಡುತ್ತದೆ, ಆಟ ತಡವರಿಸುತ್ತದೆ. ಆದರೂ ಕರೆಂಟನ್ನು ನಂಬಲಾಗದ ಊರುಗಳಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಒಮ್ಮೆಗೇ ಆರಿಹೋಗುವಾಗ ಇದು ಬರೆಯುತ್ತಿದ್ದ ಪ್ರಾಜೆಕ್ಟನ್ನು ಕಾಪಾಡುತ್ತದೆ. ಸದಾ ಪ್ಲಗ್ಗಿನಲ್ಲೇ ಇಡುವವರು ಚಾರ್ಜ್ 80 ಶೇಕಡಾಕ್ಕೆ ನಿಲ್ಲುವಂತೆ ಹೊಂದಿಸಿಕೊಂಡರೆ ಬ್ಯಾಟರಿಯ ಆಯುಷ್ಯ ಹೆಚ್ಚುತ್ತದೆ. ಈ ಸೌಲಭ್ಯ ಹೆಚ್ಚಿನ ಕಂಪನಿಗಳ ತಂತ್ರಾಂಶದಲ್ಲೇ ಇದೆ.

ಚಾರ್ಜರ್ ಸೇರಿದರೆ ತೂಕ ಮೂರು ಕಿಲೋ ಮುಟ್ಟುತ್ತದೆ. ದಿನವೂ ಬಿಎಂಟಿಸಿ ಬಸ್ಸಿನಲ್ಲಿ ನಿಂತು ಹೋಗುವ ವಿದ್ಯಾರ್ಥಿಯ ಬೆನ್ನಿಗೆ ಇದು ಹೊರೆ. ಹಾಸ್ಟೆಲಿನಲ್ಲಿದ್ದು ತಿಂಗಳಿಗೊಮ್ಮೆ ಊರಿಗೆ ಒಯ್ಯುವವರಿಗೆ ಸಹ್ಯ. ಮನೆಯಲ್ಲೇ ಮೇಜಿನ ಮೇಲಿಟ್ಟು ಬಳಸುವವರಿಗೆ ಅದೇ ದುಡ್ಡಿನ ಡೆಸ್ಕ್‌ಟಾಪ್ ಹೆಚ್ಚು ವೇಗವನ್ನೂ ಹೆಚ್ಚು ಆಯುಷ್ಯವನ್ನೂ ಕೊಡುತ್ತದೆ, ನಾಲ್ಕು ವರ್ಷದ ನಂತರ ಕಾರ್ಡೊಂದನ್ನೇ ಬದಲಿಸಿದರೂ ಸಾಕು.

ಒಟ್ಟಿನಲ್ಲಿ ನನ್ನ ತೀರ್ಮಾನ ಇದು: ಊರಿಂದೂರಿಗೆ ಓಡಾಡುವ, ಒಂದೇ ಯಂತ್ರದಲ್ಲಿ ಓದೂ ಆಟವೂ ನಡೆಯಬೇಕಾದ ವಿದ್ಯಾರ್ಥಿಗೆ ಮಧ್ಯಮ ದರದ ಗೇಮಿಂಗ್ ಲ್ಯಾಪ್‌ಟಾಪ್ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಆದರೆ ಅದರ ಒಳ್ಳೆಯತನ ಕೊಳ್ಳುವವರ ಜಾಣ್ಮೆಯನ್ನು ಅವಲಂಬಿಸಬಾರದು. ಸರಕಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯವನ್ನು ತಿಳಿಯುವುದು ಗ್ರಾಹಕರ ಹಕ್ಕು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಫ್ರಿಜ್ಜಿನ ಬಾಗಿಲ ಮೇಲೆ ವರ್ಷದ ವಿದ್ಯುತ್ ಬಳಕೆಯನ್ನು ಕಡ್ಡಾಯವಾಗಿ ಅಚ್ಚು ಹಾಕಿಸುವ ದೇಶದಲ್ಲಿ, ಲಕ್ಷ ರೂಪಾಯಿಯ ಲ್ಯಾಪ್‌ಟಾಪಿನ ಸ್ಟಿಕ್ಕರ್ ಮೇಲೆ ಗ್ರಾಫಿಕ್ಸ್ ವ್ಯಾಟ್, ಗ್ರಾಫಿಕ್ಸ್ ಮೆಮೊರಿ, ಪರದೆಯ ಬಣ್ಣದ ವ್ಯಾಪ್ತಿ ಎಂಬ ಮೂರು ಅಂಕಿಗಳನ್ನು ಅಚ್ಚು ಹಾಕಿಸುವುದು ಕಷ್ಟವೇನಲ್ಲ. 18 ಶೇಕಡಾ ಜಿಎಸ್‌ಟಿಯನ್ನೂ ಕಟ್ಟಿ ಕೊಳ್ಳುವ ಗಿರಾಕಿ ಅಷ್ಟನ್ನು ಗಟ್ಟಿಯಾಗಿಯೇ ಕೇಳಬೇಕು. ಆ ಮೂರು ಅಂಕಿ ಹೇಳಲೊಲ್ಲದ ಅಂಗಡಿಯಲ್ಲಿ ಬಿಲ್ ಮಾಡಿಸಬಾರದು.